ಹದಿನಾಲ್ಕನೇ ನಂಬರಿನ ಕಾಲು ಕಿಲೋ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಕಾಲು ಕಿಲೋ ಕಸ.

ಅದು ಹದಿನಾಲ್ಕನೇ ನಂಬರಿನ ಮನೆಯ ಒಂದು ವಾರದ ಕಸ. ಸೋಸಿದ ಟೀ ಪುಡಿ, ಬ್ರೆಡ್ಡಿನ ಒಂದು ಕವರು, ಬಾಳೆಹಣ್ಣಿನ ನಾಲ್ಕು ಸಿಪ್ಪೆ. ಬೀದಿಯ ಸಂಘದವರು ಆ ತಿಂಗಳಿಂದ ಹೊಸ ನಿಯಮ ತಂದಿದ್ದರು. ಗಾಡಿ ಬಂದಾಗ ಪ್ರತಿ ಮನೆಯ ಕಸವನ್ನೂ ಕೊಕ್ಕೆ ತಕ್ಕಡಿಗೆ ನೇತುಹಾಕಿ ತೂಗಿ ಬರೆಯಬೇಕು. ತಿಂಗಳ ಕೊನೆಗೆ ಯಾರದು ಎಲ್ಲರಿಗಿಂತ ಕಡಿಮೆಯೋ ಅವರೇ ಬೀದಿಯ 'ಪರಿಸರ ಮುಂದಾಳು'. ಉಳಿದ ಮನೆಗಳು ತಿಂಗಳಿಗೆ ಮೂವತ್ತು, ನಲವತ್ತು ಕಿಲೋ ಎಳೆಯುತ್ತಿದ್ದರೆ ಹದಿನಾಲ್ಕನೇ ನಂಬರು ಒಂದೇ ಕಿಲೋದಲ್ಲಿ ನಿಂತಿತ್ತು.

ಆ ಮನೆಯವನನ್ನು ಎಲ್ಲರೂ ಕನ್ನಡಕದಣ್ಣ ಎನ್ನುತ್ತಿದ್ದರು. ಪೇಟೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಅವನದು. ಬೀದಿಯ ಅರ್ಧ ಜನ ಲೋಕವನ್ನು ನೋಡುತ್ತಿದ್ದುದು ಅವನು ಕೂರಿಸಿದ ಗಾಜಿನಿಂದ. ಅವನನ್ನು ಮಾತ್ರ ಯಾರೂ ಸರಿಯಾಗಿ ನೋಡಿರಲಿಲ್ಲ.

ತಿಂಗಳ ಕೊನೆಯ ದಿನ ಬೆಳಿಗ್ಗೆ ಕಸದ ಗಾಡಿ ತಳ್ಳುವ ಗಾಡಿ ಅಕ್ಕ ತಕ್ಕಡಿ ಎತ್ತಿ ಹಿಡಿದು, ಮುಳ್ಳು ಅಲುಗಾಡಲಿಲ್ಲವೆಂದು ಒಮ್ಮೆ ಅದಕ್ಕೆ ತಟ್ಟಿ ನೋಡಿ, "ಅಣ್ಣ, ನಿಮ್ಮದೇ ಕಡಿಮೆ. ಬಹುಮಾನ ನಿಮಗೇ," ಎಂದಳು.

"ನಂಗಾ? ನಾನೇನು ಮಾಡಿದೆ?"

"ಏನೂ ಮಾಡಿಲ್ಲ. ಅದಕ್ಕೇ ಕೊಡೋದು."

ಅವನು ನಕ್ಕ. ನಗು ಅರ್ಧಕ್ಕೆ ಬರುವಷ್ಟರಲ್ಲಿ ಸಂಘದ ಕಾರ್ಯದರ್ಶಿ ನಾಲ್ಕು ಜನರನ್ನು ಹಿಂದೆ ಹಾಕಿಕೊಂಡು ಗೇಟಿನೊಳಗೆ ಬಂದರು. ಅವರು ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದವರು. ನಿವೃತ್ತಿಯಾದರೂ ಜನರನ್ನು ಕಂಡರೆ ಒಳಗೆ ತುಂಬುವ ಅಭ್ಯಾಸ ಹೋಗಿರಲಿಲ್ಲ.

"ಒಳಗೆ ನಡೀರಿ, ಒಳಗೆ ನಡೀರಿ, ಬಾಗಿಲಲ್ಲಿ ನಿಲ್ಲಬೇಡಿ. ಅಣ್ಣಾ, ಸಂಜೆ ನಾಲ್ಕಕ್ಕೆ ಸನ್ಮಾನ. ನಗರಸಭೆಯ ಆರೋಗ್ಯಾಧಿಕಾರಿ ಬರ್ತಾರೆ. ಅವರಿಗೆ ನಾಲ್ಕರಿಂದ ಐದು ಮಾತ್ರ ಬಿಡುವು. ಅದಕ್ಕೆ ಮೊದಲು ನಿಮ್ಮ ವಿಧಾನ ಏನು ಅಂತ ನಾವೊಂದ್ಸಲ ನೋಡ್ಕೋಬೇಕು."

ವಿಧಾನ ಎಂದರೆ ಏನೆಂದು ಕನ್ನಡಕದಣ್ಣನಿಗೆ ತಿಳಿಯಲಿಲ್ಲ. ಹೆಂಡತಿ ತೀರಿಹೋಗಿ ಎರಡು ವರ್ಷವಾಗಿತ್ತು. ಅಂದಿನಿಂದ ಒಲೆ ಹಚ್ಚುವುದು ಟೀಗೆ ಮಾತ್ರ. ಮಧ್ಯಾಹ್ನದ ಊಟ ಅಂಗಡಿಯ ಪಕ್ಕದ ಹೋಟೆಲಿನಲ್ಲಿ, ರಾತ್ರಿ ಬ್ರೆಡ್ಡು. ಹೊಸದೇನನ್ನೂ ಕೊಳ್ಳುತ್ತಿರಲಿಲ್ಲ, ಯಾರಿಗೆ ತೋರಿಸಲಿ ಎಂದು. ದೀಪ ಹಾಕುತ್ತಿದ್ದುದು ಒಂದೇ ಕೋಣೆಯಲ್ಲಿ.

ಬಂದವರು ಇದನ್ನೆಲ್ಲ ನೋಡಿ ತಲೆದೂಗಿದರು. ಒಬ್ಬರು ತಣ್ಣನೆಯ ಒಲೆ ಮುಟ್ಟಿ "ಅನಿಲ ಉಳಿತಾಯ" ಎಂದರು. ಇನ್ನೊಬ್ಬರು ಅವನ ಅಂಗಿಯ ತೇಪೆ ನೋಡಿ "ಮರುಬಳಕೆ" ಎಂದರು. ಅವನ ಬಡಪಾಯಿ ಒಂಟಿತನಕ್ಕೆ ಒಂದೊಂದಾಗಿ ಹೆಸರಿಡುತ್ತ ಹೋದರು, ತೊಟ್ಟಿಲಲ್ಲಿ ಮಲಗಿದ ಕೂಸಿಗೆ ಇಟ್ಟ ಹಾಗೆ.

"ಈ ಕೋಣೆ?" ಕಾರ್ಯದರ್ಶಿ ಬೀಗ ಹಾಕಿದ ಬಾಗಿಲಿನ ಮುಂದೆ ನಿಂತರು.

ಕನ್ನಡಕದಣ್ಣ ಬೀಗದ ಮೇಲೆ ಕೈಯಿಟ್ಟ.

ಅದು ಅವಳ ಕೋಣೆ. ಅವಳದೆಂಬ ಒಂದು ಕಡ್ಡಿಯನ್ನೂ ಅವನು ಹೊರಗೆ ಹಾಕಿರಲಿಲ್ಲ. ಹಲ್ಲಿನ ನಡುವೆ ನಾಲ್ಕು ಕೂದಲು ಉಳಿದ ಬಾಚಣಿಗೆ. ಖಾಲಿ ಪೌಡರ್ ಡಬ್ಬಿ. ಇನ್ನೂ ಎರಡು ಮಾತ್ರೆ ಉಳಿದಿದ್ದ ಔಷಧಿಯ ಹಾಳೆ. ತೋಳು ಮುಗಿಯದ ಸ್ವೆಟರು. ಸಾಮಾನಿನ ಚೀಟಿಗಳು, ಅವಳ ಓರೆ ಅಕ್ಷರದಲ್ಲಿ. ಅಂಗಡಿಯಿಂದ ಬಂದ ಪ್ರತಿ ಪ್ಲಾಸ್ಟಿಕ್ ಕವರನ್ನೂ ಅವಳು ತ್ರಿಕೋನವಾಗಿ ಮಡಚಿ ಪೆಟ್ಟಿಗೆಗೆ ಹಾಕುತ್ತಿದ್ದಳು, ಬೇಕಾಗುತ್ತೆ ಎಂದು. ಅಂಥ ಪೆಟ್ಟಿಗೆ ಮೂರಿದ್ದವು. ಕಿಟಕಿಕಟ್ಟೆಯ ಮೇಲೆ ಅವಳ ಕನ್ನಡಕ, ಒಂದು ಕಾಲನ್ನು ನೀಲಿ ದಾರದಿಂದ ಕಟ್ಟಿದ್ದು.

ಆ ದಾರ ಅವನ ಪಾಪದ ಗುರುತು. ಸ್ಕ್ರೂ ಬಿದ್ದುಹೋಗಿದೆ ಎಂದು ಅವಳು ಒಂದೂವರೆ ತಿಂಗಳು ಹೇಳಿದ್ದಳು. "ಊರಿಗೆಲ್ಲ ಸ್ಕ್ರೂ ಹಾಕ್ತೀರ. ನನ್ನ ಸರದಿ ಯಾವಾಗ್ರಿ?" ಅವನು ದಿನವೂ "ನಾಳೆ" ಎನ್ನುತ್ತಿದ್ದ. ಕೊನೆಗೆ ಒಂದು ದಿನ ಅಂಗಡಿಯಿಂದ ಸ್ಕ್ರೂ ತಂದ. ಬಂದಾಗ ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯವರು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಆ ಸ್ಕ್ರೂ ಈಗಲೂ ಕಾಗದದಲ್ಲಿ ಸುತ್ತಿ ಅವನ ಪರ್ಸಿನಲ್ಲಿತ್ತು.

"ಕೋಣೇಲಿ ಏನಿದೆ ಅಣ್ಣಾ?" ಕಾರ್ಯದರ್ಶಿ ಮತ್ತೆ ಕೇಳಿದರು.

"ಗೊಬ್ಬರ," ಎಂದುಬಿಟ್ಟ.

"ಕೋಣೆಯೊಳಗೆ?"

"ಹೌದು. ಅಡುಗೆಮನೆ ಕಸ ಎಲ್ಲ ಅಲ್ಲೇ ಕೊಳೆಸ್ತೀನಿ. ಈಗ ಮಾಗ್ತಾ ಇದೆ. ಬಾಗಿಲು ತೆಗೆದ್ರೆ ಗಾಳಿ ಹೊಕ್ಕು ಕೆಡುತ್ತೆ."

ಐದು ಮೂಗುಗಳು ಸಾಲಾಗಿ ಬಾಗಿಲಿನ ಸಂದಿಗೆ ಹೋದವು. ಎಳೆದ ಉಸಿರಿಗೆ ಪೌಡರಿನ ತೆಳು ವಾಸನೆ ಬಂದಿರಬೇಕು.

"ಕೆಟ್ಟ ವಾಸನೆ ಹೋಗಲಿ, ಪರಿಮಳ ಬರ್ತಿದೆಯಲ್ರಿ," ಎಂದರು ಕಾರ್ಯದರ್ಶಿ ಗದ್ಗದವಾಗಿ. "ಇಂಥ ಗೊಬ್ಬರ ನಾನು ಜನ್ಮದಲ್ಲಿ ಮೂಸಿಲ್ಲ. ಅಣ್ಣಾ, ಒಂದು ಬೊಗಸೆ ಸಂಜೆ ವೇದಿಕೆಗೆ ತನ್ನಿ. ಅತಿಥಿಗಳ ಕೈಲಿ ಒಂದು ಕುಂಡಕ್ಕೆ ಹಾಕಿಸೋಣ."

ಸುಳ್ಳು ಹೇಳುವುದಕ್ಕೂ ಅಭ್ಯಾಸ ಬೇಕು. ಇಲ್ಲದಿದ್ದರೆ ಅದು ಸಡಿಲ ಫ್ರೇಮಿನ ಗಾಜಿನಂತೆ, ಬಗ್ಗಿದಾಗಲೆಲ್ಲ ಬೀಳುತ್ತದೆ. ಅವನು ಅಂಗಡಿಗೆ ರಜೆ ಹೇಳಿ ಹೊರಟ. ಗೇಟಿನಲ್ಲೇ ಪಕ್ಕದ ಮನೆಯ ಅಕ್ಕ ಹಿಡಿದಳು.

"ಕನ್ನಡಕದಣ್ಣ, ಗೊಬ್ಬರ ಮಾಡ್ತೀರಂತೆ. ಗೋಡೆಗೆ ಗೋಡೆ ಅಂಟಿಕೊಂಡಿದೀವಿ, ನಮಗೇ ಗೊತ್ತಿಲ್ವಲ್ಲ. ಕುಂಡಕ್ಕೆ ಒಂದಿಷ್ಟು ಕೊಡ್ತೀರಾ?"

"ನೋಡೋಣ ಅಕ್ಕ."

"ಹಂಗೇ, ನಮ್ಮತ್ತೆ ಕನ್ನಡಕದ ಕಾಲು ಸಡಿಲ ಆಗಿದೆ ಅಂತ ಹೇಳಿದ್ದೆ. ಎಷ್ಟು ದಿನ ಆಯ್ತು."

"ನಾಳೆ," ಎಂದ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡ. ಆದರೆ ಬಸ್ಸು ಬಂದಿತ್ತು.

ಊರಾಚೆಯ ಸಸಿ ಮಾರುವವನ ಹತ್ತಿರ ಎರಡು ಕಿಲೋ ಗೊಬ್ಬರದ ಪೊಟ್ಟಣ ಕೊಂಡ. ಬಸ್ಸಿನಲ್ಲಿ ಅದನ್ನು ಅಂಗಿಯೊಳಗೆ ಬಚ್ಚಿಟ್ಟು ಕುಳಿತ. ಪಕ್ಕದಲ್ಲಿದ್ದ ಹೆಂಗಸು ಅವನ ಹೊಟ್ಟೆಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿ, ಎದ್ದು ಹೋಗಿ ನಿಂತಳು. ಮನೆಗೆ ಬಂದು ಸ್ಟೀಲ್ ಡಬ್ಬಿಗೆ ಸುರಿದುಕೊಂಡ. ಖಾಲಿ ಪೊಟ್ಟಣವನ್ನು ಬುಟ್ಟಿಗೆ ಹಾಕಿದರೆ ಗಾಡಿ ಅಕ್ಕನಿಗೆ ಸಿಕ್ಕೀತು. ಅದಕ್ಕೇ ಅದನ್ನು ಮಡಚಿ ಪ್ಯಾಂಟಿನ ಜೇಬಿಗೆ ತುರುಕಲು ಹೋದ. ಮಡಚಿದ ಮೇಲೆ ನೋಡಿದರೆ ಅದು ತ್ರಿಕೋನವಾಗಿತ್ತು. ಬಿಚ್ಚದೆ ಹಾಗೇ ಜೇಬಿಗಿಟ್ಟ.

ನಾಲ್ಕು ಗಂಟೆಗೆ ಬೀದಿಯ ತುದಿಯಲ್ಲಿ ಕುರ್ಚಿಗಳು ಸಾಲಾಗಿದ್ದವು. ಕಾಗದದ ಲೋಟಗಳಲ್ಲಿ ನಿಂಬೆ ಪಾನಕ ಹಂಚುತ್ತಿದ್ದರು. ಕುಡಿದು ಬಿಸಾಕಿದ್ದನ್ನು ಆಯಲು ಗಾಡಿ ಅಕ್ಕನನ್ನು ಎರಡನೇ ಸಲ ಕರೆಸಿದ್ದರು. ಅವಳು ಹಿಂದಿನ ಸಾಲಿನ ಹಿಂದೆ ಬಗ್ಗಿ ಒಂದೊಂದೇ ಲೋಟ ಎತ್ತುತ್ತಿದ್ದಳು. ಬೀದಿಯಲ್ಲಿ ಇಂಥವರೊಬ್ಬರು ಪರಿಸರಕ್ಕಾಗಿ ದುಡಿಯುತ್ತಾರೆಂದು ಕಾರ್ಯದರ್ಶಿ ಭಾಷಣ ಮಾಡುವಾಗ ಅವಳು ಅವರ ಕಾಲ ಬುಡದ ಲೋಟವನ್ನೂ ಎತ್ತಿಕೊಂಡು ಹೋದಳು.

ಅತಿಥಿಗಳು ಗೊಬ್ಬರವನ್ನು ಕುಂಡಕ್ಕೆ ಹಾಕಿದರು. ಮೂಸಿ, "ಒಳ್ಳೆ ಮಾಲು," ಎಂದರು. ಆಮೇಲೆ ಕನ್ನಡಕದಣ್ಣನಿಗೆ ಶಾಲಿನ ಬದಲು ಎರಡು ದೊಡ್ಡ ಕಸದ ಬುಟ್ಟಿ ಕೊಟ್ಟರು, ಒಂದು ಹಸಿರು, ಒಂದು ನೀಲಿ. ಅವನು ಎರಡು ಕಂಕುಳಿಗೂ ಒಂದೊಂದು ಸಿಕ್ಕಿಸಿಕೊಂಡು ನಿಂತ. ಕೈ ಮುಗಿಯಲು ಹೋದರೆ ಬುಟ್ಟಿ ಬೀಳುತ್ತಿತ್ತು, ಬುಟ್ಟಿ ಹಿಡಿದರೆ ಕೈ ಮುಗಿಯಲಾಗುತ್ತಿರಲಿಲ್ಲ.

"ಮನೆಯಲ್ಲಿ ಕಸ ಕಡಿಮೆ ಮಾಡೋದು ಹೇಗೆ? ಒಂದೇ ಮಾತಲ್ಲಿ ಹೇಳಿ," ಎಂದು ಅತಿಥಿಗಳು ಮೈಕು ಮುಂದೆ ಹಿಡಿದರು.

ಅಷ್ಟು ಜನ ತನ್ನನ್ನು ನೋಡುತ್ತಿರುವುದು ಅವನಿಗೆ ಅದೇ ಮೊದಲು. ಸುಳ್ಳು ಮುಗಿದುಹೋಗಿತ್ತು. "ಮನೇಲಿ ಒಬ್ಬರು ಕಡಿಮೆಯಾದ್ರೆ ಸಾಕು ಸಾರ್," ಎಂದ. "ಕಸ ತಾನಾಗೇ ಕಡಿಮೆಯಾಗುತ್ತೆ."

ಅತಿಥಿಗಳು ಜೋರಾಗಿ ಚಪ್ಪಾಳೆ ಹೊಡೆದರು. "ಚಿಕ್ಕ ಸಂಸಾರದ ಮಹತ್ವವನ್ನ ಎಷ್ಟು ಚೆನ್ನಾಗಿ ಹೇಳಿದ್ರಿ. ಜನಸಂಖ್ಯೆಯೇ ಮೂಲ ಸಮಸ್ಯೆ," ಎಂದು ಆ ವಿಷಯದ ಮೇಲೆ ಇಪ್ಪತ್ತು ನಿಮಿಷ ಮಾತಾಡಿದರು.

ಆ ಇಪ್ಪತ್ತು ನಿಮಿಷದಲ್ಲೇ ಅನಾಹುತವಾದದ್ದು.

ಗೊಬ್ಬರ ಎಷ್ಟು ಚೆನ್ನಾಗಿದೆಯೆಂದು ಕಂಡ ಕಾರ್ಯದರ್ಶಿಗೆ ಮನೆಗೊಂದು ಬೊಗಸೆ ಹಂಚಿದರೆ ಹೇಗೆ ಎನ್ನಿಸಿತು. ಅತಿಥಿಗಳ ಕೈಯಿಂದಲೇ ಹಂಚಿಸಬಹುದು. ಅವರು ಪಕ್ಕದ ಮನೆಯ ಅಕ್ಕನ ಕಿವಿಯಲ್ಲಿ ಹೇಳಿದರು. ಅಕ್ಕನ ಹತ್ತಿರ ಹದಿನಾಲ್ಕನೇ ನಂಬರಿನ ಎಲ್ಲ ಬಾಗಿಲುಗಳ ಕೀಲಿಗೊಂಚಲು ಇತ್ತು. ಕನ್ನಡಕದಣ್ಣನ ಹೆಂಡತಿ ಬದುಕಿದ್ದಾಗ, ನಂಬಿಕೆಯ ಮನೆ ಎಂದು ಕೊಟ್ಟಿಟ್ಟದ್ದು. ಅಕ್ಕ, ಅವಳ ಗಂಡ, ಸಂಘದ ಇನ್ನಿಬ್ಬರು ಸದ್ದಿಲ್ಲದೆ ಎದ್ದು ಹೋದರು.

ಕೋಣೆಯ ಬಾಗಿಲು ತೆರೆದಾಗ ಗೊಬ್ಬರ ಇರಲಿಲ್ಲ. ಎರಡು ವರ್ಷದ ಧೂಳಿನ ಕೆಳಗೆ ಪೆಟ್ಟಿಗೆಗಳು, ಡಬ್ಬಿಗಳು, ಹಳೆ ಚೀಟಿಗಳು.

"ಅಯ್ಯೋ ಪಾಪ," ಎಂದಳು ಅಕ್ಕ. "ಕಸ ಹೊರಗೆ ಹಾಕದೆ ಇಲ್ಲೇ ಬಚ್ಚಿಟ್ಟಿದ್ದಾನೆ. ಅದಕ್ಕೇ ತೂಕ ಬರ್ತಿರಲಿಲ್ಲ."

"ಅತಿಥಿಗಳು ಮನೆ ನೋಡ್ತೀನಿ ಅಂದ್ರೆ ಬೀದಿಯ ಮಾನ ಹೋಯ್ತು," ಎಂದ ಅವಳ ಗಂಡ. "ಅವನದ್ದೂ ಹೋಗುತ್ತೆ. ಒಳ್ಳೆ ಮನುಷ್ಯ."

ಅವರು ಕೆಟ್ಟವರಾಗಿರಲಿಲ್ಲ. ಕೆಟ್ಟವರಾಗಿದ್ದರೆ ಬಾಯಿ ಬಡಿದುಕೊಂಡು ಎಲ್ಲರಿಗೂ ತೋರಿಸುತ್ತಿದ್ದರು. ಆಗ ಅವನಿಗೆ ಅವಮಾನವಾಗುತ್ತಿತ್ತು, ಕೋಣೆಯಾದರೂ ಉಳಿಯುತ್ತಿತ್ತು. ಅವರು ಮುಚ್ಚಿಡಲು ನೋಡಿದರು. ನಾಲ್ಕು ಜನ ಸೇರಿ, ಬೆವರು ಸುರಿಸಿ, ಹದಿನೈದು ನಿಮಿಷದಲ್ಲಿ ಕೋಣೆಯನ್ನು ಗುಡಿಸಿ ಹಿಂಬಾಗಿಲಿನಿಂದ ಗಾಡಿಗೆ ತುಂಬಿದರು. ಗಾಡಿ ಹೇಗೂ ಬಂದಿದೆಯಲ್ಲ ಎಂದು ಅಕ್ಕ ತನ್ನ ಮನೆಯ ಹರಿದ ಹಾಸಿಗೆ, ಕೆಟ್ಟ ಮಿಕ್ಸಿ, ಇನ್ನೂ ಏನೇನೋ ಚೂರುಪಾರನ್ನು ಅದರ ಮೇಲೆ ಹೇರಿದಳು. ಸಂಘದವರೂ ತಮ್ಮ ತಮ್ಮ ಮನೆಗೆ ಓಡಿಹೋಗಿ ಬಂದರು.

ಲೋಟ ಆಯ್ದು ಮುಗಿಸಿ ಬಂದ ಗಾಡಿ ಅಕ್ಕ ಕೇಳಿದಳು, "ಇದು ಯಾರ ಮನೇದು?"

"ಹದಿನಾಲ್ಕು," ಎಂದರು ಎಲ್ಲರೂ ಒಟ್ಟಿಗೆ.

ಅವಳು ನಿಯಮದ ಪ್ರಕಾರ ತೂಗಿ, ಬರೆದು, ತಳ್ಳಿಕೊಂಡು ಹೋದಳು.

ಕನ್ನಡಕದಣ್ಣ ಬುಟ್ಟಿಗಳನ್ನು ಹೊತ್ತು ಮನೆಗೆ ಬಂದಾಗ ಪಕ್ಕದ ಮನೆಯ ಅಕ್ಕ ಗೇಟಿನಲ್ಲಿ ಕಾದಿದ್ದಳು. ತುಟಿಯ ಮೇಲೆ ಬೆರಳಿಟ್ಟು, "ಯಾರಿಗೂ ಗೊತ್ತಾಗಿಲ್ಲ, ನೀವೇನೂ ಯೋಚನೆ ಮಾಡ್ಬೇಡಿ," ಎಂದಳು. "ಎಲ್ಲ ಕ್ಲೀನ್ ಮಾಡಿದೀವಿ. ನೆಲ ಒರೆಸಿದೀನಿ. ಅವಳಿದ್ದಿದ್ರೆ ಮನೆ ಹೀಗೆ ಬಿಡ್ತಿದ್ಲಾ ಹೇಳಿ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಒಳಗೆ ಹೋದ. ಕೋಣೆಯ ಬಾಗಿಲು ತೆರೆದಿತ್ತು. ನೆಲ ಇನ್ನೂ ಒದ್ದೆಯಿತ್ತು. ಕಿಟಕಿಯಿಂದ ಬಂದ ಬಿಸಿಲು, ತಡೆಯಲು ಏನೂ ಇಲ್ಲದೆ, ಆಚೆ ಗೋಡೆಯವರೆಗೂ ಹೋಗಿತ್ತು. ಪೌಡರಿನ ವಾಸನೆ ಇರಲಿಲ್ಲ, ಫಿನಾಯಿಲಿನದಿತ್ತು. ಬುಟ್ಟಿಗಳು ಎರಡೂ ಕಂಕುಳಿಂದ ಜಾರಿ ಬಿದ್ದು ಉರುಳಿದವು.

ಅವು ಉರುಳುವುದು ನಿಲ್ಲುವ ಮೊದಲೇ ಕಾರ್ಯದರ್ಶಿ ಕೈಯಲ್ಲಿ ಪುಸ್ತಕ ಹಿಡಿದು ಬಂದರು.

"ಅಣ್ಣಾ, ಬೇಜಾರು ಮಾಡ್ಕೋಬೇಡಿ. ಸಂಜೆ ಆರರವರೆಗೂ ಈ ತಿಂಗಳ ಲೆಕ್ಕವೇ. ಈಗ ನಿಮ್ಮ ನಂಬರಿಗೆ ಅರವತ್ತೊಂದು ಕಿಲೋ ಬಂದಿದೆ. ಇಡೀ ಬೀದೀಲಿ ನಿಮ್ಮದೇ ಹೆಚ್ಚು." ಅವರು ಉರುಳಿದ ಬುಟ್ಟಿಗಳ ಕಡೆ ನೋಡಿದರು. "ನಾನು ಬೇಡ ಅಂದೆ. ಆದ್ರೆ ನಿಯಮ ನಿಯಮಾನೇ. ಎರಡನೇ ಸ್ಥಾನ ನಮ್ಮನೇದು. ನಮ್ಮ ಮಗಳು ಕಸಾನ ದಿನಾ ಆಫೀಸಿಗೆ ಹೋಗೋವಾಗ ತಗೊಂಡು ಹೋಗಿ ಅಲ್ಲೇ ಹಾಕ್ತಾಳೆ, ಅದಕ್ಕೆ ಕಡಿಮೆ."

ಕನ್ನಡಕದಣ್ಣ ಬುಟ್ಟಿಗಳನ್ನು ಎತ್ತಿಕೊಟ್ಟ. ಎರಡನ್ನೂ ಒಬ್ಬರೇ ಹಿಡಿಯಲಾಗದೆ ಕಾರ್ಯದರ್ಶಿ ತಡಕಾಡಿದಾಗ, ಹಸಿರಿನದನ್ನು ತಾನೇ ಹೊತ್ತುಕೊಂಡು ಹೋಗಿ ಅವರ ಮನೆಯ ಮೆಟ್ಟಿಲ ಮೇಲಿಟ್ಟ. ಅಲ್ಲಿಂದ ಹಾಗೇ ಓಡಿದ.

ಕಸ ಬೇರ್ಪಡಿಸುವ ಶೆಡ್ಡು ಎರಡು ಬೀದಿ ಆಚೆ ಇತ್ತು. ಗಾಡಿ ಅಕ್ಕ ಮಣೆಯ ಮೇಲೆ ಕೂತು ಕೈ ಆಡಿಸುತ್ತಿದ್ದಳು. ಅವಳ ಕೆಲಸ ಬಲು ಚುರುಕು. ಕಾಗದ ಒಂದು ಕಡೆ, ಪ್ಲಾಸ್ಟಿಕ್ ಒಂದು ಕಡೆ, ಬಟ್ಟೆ, ಗಾಜು, ತಗಡು. ಒಂದು ಗಂಟೆಯೊಳಗೆ ಅವನ ಹೆಂಡತಿ ಐದು ರಾಶಿಗಳಲ್ಲಿ ಹಂಚಿಹೋಗಿದ್ದಳು. ಚೀಟಿಗಳು ಯಾರದೋ ಪತ್ರಿಕೆಗಳ ಕೆಳಗೆ. ತ್ರಿಕೋನಗಳು ಬೀದಿಯ ಎಲ್ಲ ಕವರುಗಳ ನಡುವೆ. ಸ್ವೆಟರು ಕಾಣಲೇ ಇಲ್ಲ. ಬಟ್ಟೆಯ ಮೂಟೆ ಕಟ್ಟಿ ಆಗಿತ್ತು.

"ಏನು ಹುಡುಕ್ತೀರ ಅಣ್ಣ?"

ಎಲ್ಲವನ್ನೂ ಎಂದು ಹೇಳುವುದು ಹೇಗೆ? "ಒಂದು ಕನ್ನಡಕ," ಎಂದ. "ಕಾಲು ಮುರಿದಿದ್ದು. ನಮ್ಮನೆಯವಳದ್ದು."

ಅವಳ ಕೈ ನಿಂತಿತು. ಅವನ ಮುಖ ನೋಡಿದಳು, ಸುತ್ತಲಿನ ರಾಶಿಗಳನ್ನು ನೋಡಿದಳು. "ಅದೆಲ್ಲ ಅಕ್ಕಂದಾ?" ಎಂದು ಮೆಲ್ಲಗೆ ಕೇಳಿದಳು. "ನಂಗೆ ಯಾರೂ ಹೇಳ್ಲಿಲ್ವಲ್ಲ ಅಣ್ಣ. ಗಾಜಿನ ಲಾರಿ ಆಗಲೇ ಹೋಯ್ತು."

ಅವಳು ಎದ್ದಳು. ಪ್ಲಾಸ್ಟಿಕ್ಕಿನ ಮೂಟೆ ಬಿಚ್ಚಿ ಸುರಿದಳು. ಮಂಡಿಯೂರಿ, ಬರಿಗೈಯಲ್ಲಿ, ಆಗಷ್ಟೇ ಬೇರ್ಪಡಿಸಿದ್ದನ್ನೆಲ್ಲ ಮತ್ತೆ ಕೆದಕಿದಳು. ತಗಡಿನ ಚೂರು ತಗುಲಿ ಬೆರಳು ಕೊಯ್ದುಕೊಂಡಿತು. ಸೀರೆಗೆ ಒರೆಸಿಕೊಂಡು ಮುಂದುವರಿಸಿದಳು. ಅವನು ಸಾಕು ಎಂದರೂ ಕೇಳಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಕೈ ಮೇಲೆತ್ತಿದಳು. ಅವಳ ಮುಖ ಅರಳಿತ್ತು.

"ಸಿಕ್ತು ಅಣ್ಣ. ನೋಡಿ, ಗಾಜೂ ಒಡೆದಿಲ್ಲ. ಇದೇ ತಾನೆ?"

ಸ್ಕ್ರೂ ಬಿದ್ದು ಕಾಲು ಸಡಿಲವಾದ ಕನ್ನಡಕ. ದಾರ ಇರಲಿಲ್ಲ. ಅವನು ಅದನ್ನು ಕಣ್ಣಿನ ಮುಂದೆ ಹಿಡಿದ. ಹೆಂಡತಿಯದು ದೂರ ಕಾಣದ ಕಣ್ಣು. ಅವಳ ಗಾಜಿನಲ್ಲಿ ನೋಡಿದರೆ ಲೋಕ ಚಿಕ್ಕದಾಗುತ್ತಿತ್ತು. ಇದರಲ್ಲಿ ಗಾಡಿ ಅಕ್ಕನ ಬೆರಳ ಮೇಲಿನ ರಕ್ತದ ಗೆರೆ ದೊಡ್ಡದಾಗಿ ಕಂಡಿತು. ಓದುವ ಗಾಜು, ಮುದುಕರದು. ಇಪ್ಪತ್ತು ವರ್ಷದ ಕಸುಬು. ಮುಟ್ಟಿದರೆ ಸಾಕು, ಗೊತ್ತಾಗುತ್ತದೆ.

"ಹೌದು," ಎಂದ. "ಇದೇ."

"ದೇವರು ದೊಡ್ಡವನು," ಎಂದಳು ಅವಳು, ಕೆದಕಿದ್ದನ್ನೆಲ್ಲ ಮತ್ತೆ ಬೇರ್ಪಡಿಸಲು ಕೂರುತ್ತ.

ಮನೆಗೆ ಬಂದು ಜಗಲಿಯ ಮೇಲೆ ಕೂತ. ಇನ್ನೂ ಬೆಳಕಿತ್ತು. ಪರ್ಸಿನಿಂದ ಕಾಗದ ತೆಗೆದು ಬಿಚ್ಚಿದ. ಎಳ್ಳಿನ ಕಾಳಿನಷ್ಟು ಸ್ಕ್ರೂ. ಉಗುರಿನ ತುದಿಯಿಂದ ಹಿಡಿದು ತೂತಿಗೆ ಇಳಿಸಿ, ಚಾಕುವಿನ ಮೊನೆಯಿಂದ ತಿರುಗಿಸಿದ. ಸರಿಯಾಗಿ ಕೂತಿತು. ಅರ್ಧ ನಿಮಿಷದ ಕೆಲಸ. ಎರಡು ವರ್ಷ ತಡವಾಗಿ, ಯಾರದೋ ಕನ್ನಡಕಕ್ಕೆ.

"ತಮ್ಮಾ," ಎಂದು ಪಕ್ಕದ ಗೋಡೆಯಾಚೆಯಿಂದ ದನಿ ಬಂತು. ಪಕ್ಕದ ಮನೆಯ ಅಕ್ಕನ ಅತ್ತೆ, ಗೋಡೆ ಹಿಡಿದು ನಿಂತಿದ್ದ ಅಜ್ಜಿ. "ನನ್ನ ಕನ್ನಡಕ ಕಾಣ್ತಾ ಇಲ್ಲ ಕಣೋ. ನಿನ್ನ ಹತ್ರ ಸರಿ ಮಾಡಿಸೋಣ ಅಂತ ಮೇಜಿನ ಮೇಲಿಟ್ಟಿದ್ದೆ. ಇವಳು ಏನೇನೋ ಬಿಸಾಕ್ತಾ ಇದ್ಲು. ಅದೂ ಹೋಯ್ತೋ ಏನೋ."

ಅವನು ಕೈಯಲ್ಲಿದ್ದುದನ್ನು ನೋಡಿದ. ಎದ್ದು ಹೋಗಿ, ಅಂಗಿಯ ತುದಿಯಿಂದ ಗಾಜು ಒರೆಸಿ, ಗೋಡೆಯ ಮೇಲಿಂದ ಕೊಟ್ಟ.

ಅಜ್ಜಿ ಹಾಕಿಕೊಂಡಳು. ಕಾಲನ್ನು ಅಲುಗಿಸಿ ನೋಡಿದಳು. "ಗಟ್ಟಿಯಾಗಿದೆ. ಒಳ್ಳೆ ಸ್ಕ್ರೂ ಹಾಕಿದೀಯ," ಎಂದಳು. ಆಮೇಲೆ ಗೋಡೆಗೆ ಬಾಗಿ, ಅವನ ಮುಖವನ್ನು ತೀರ ಹತ್ತಿರದಿಂದ, ಅಕ್ಷರ ಓದುವವಳಂತೆ ನೋಡಿದಳು.

"ಎಷ್ಟು ಇಳಿದು ಹೋಗಿದೀಯೋ. ಊಟ ಮಾಡ್ತೀಯೋ ಇಲ್ವೋ? ಮನೇಲಿ ಏನಾದ್ರೂ ಇದೆಯಾ?"

ಕನ್ನಡಕದಣ್ಣ ತೆರೆದ ಬಾಗಿಲಿನ ಕಡೆ ತಿರುಗಿದ. ಒಳಗೆ ಒರೆಸಿದ ನೆಲ ಆಗಲೇ ಒಣಗಿತ್ತು.

"ಏನೂ ಇಲ್ಲ ಅಜ್ಜಿ," ಎಂದ.